ಮಳಖೇಡದ ಲೆಕ್ಕದ ಮೇಷ್ಟ್ರು ಮಹಾವೀರಾಚಾರ್ಯ

ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್ ಸೂತ್ರ ಬಾಯಿಪಾಠ ಮಾಡದೆ ನಮ್ಮಲ್ಲಿ ಯಾರೂ ಇಂಜಿನಿಯರಿಂಗಿಗೆ ಬಂದಿಲ್ಲ. ಸಿಂಧನೂರಿನ ಹೈಸ್ಕೂಲಿನಲ್ಲಿ ಓದಿದ ನಾನೂ ಅದು ಎಲ್ಲೋ ಫಾರಿನ್ನಿಂದ ಬಂದದ್ದು ಅಂತಲೇ ತಿಳಿದಿದ್ದೆ. ಆದರೆ ಲಿಂಗಸುಗೂರಿನಿಂದ ತಿಂಥಣಿ ಬ್ರಿಜ್ ದಾಟಿ, ಸುರಪುರ, ಶಹಾಪುರದ ಮೇಲೆ ಕಲಬುರಗಿಗೆ ಹೋಗಿ ಸೇಡಂ ರಸ್ತೆ ಹಿಡಿದರೆ ಮಳಖೇಡ ಸಿಗ್ತದೆ. ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ.

814ರಲ್ಲಿ ಪಟ್ಟಕ್ಕೆ ಬಂದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಇದ್ದರು. ದಿಗಂಬರ ಜೈನರು. ಹುಟ್ಟೂರು, ತಂದೆ ತಾಯಿ, ಗುರು ಯಾವುದನ್ನೂ ಬರೆದಿಟ್ಟಿಲ್ಲ. ಸುಮಾರು 850ರಲ್ಲಿ ಬರೆದ 'ಗಣಿತಸಾರಸಂಗ್ರಹ'ದ ಆರಂಭದಲ್ಲಿ ರಾಜನನ್ನು ಹೊಗಳಿದ್ದಾರಲ್ಲ, ಅದರಿಂದಲೇ ಕಾಲ ಗೊತ್ತಾಯ್ತು. ಅದೇ ಆಸ್ಥಾನದಲ್ಲಿ ಕನ್ನಡದ 'ಕವಿರಾಜಮಾರ್ಗ' ಹುಟ್ಟಿತು. ಲೆಕ್ಕದ ಪುಸ್ತಕ ಮಾತ್ರ ಸಂಸ್ಕೃತದಲ್ಲಿ ಬಂತು, ಅದೊಂದು ಬೇಜಾರು.

ಅವರಿಗಿಂತ ಮುಂಚೆ ಗಣಿತ ಅಂದ್ರೆ ಹೆಚ್ಚಾಗಿ ಜ್ಯೋತಿಷ ಗ್ರಂಥದೊಳಗಿನ ಒಂದೆರಡು ಅಧ್ಯಾಯ. ಇವರು ಗ್ರಹ ನಕ್ಷತ್ರ ಬದಿಗಿಟ್ಟು ಬರೀ ಗಣಿತವನ್ನೇ ಬರೆದರು. ಅಡುಗೆ, ಸಂಗೀತ, ವೈದ್ಯ, ಮನೆ ಕಟ್ಟೋದು ಎಲ್ಲಕ್ಕೂ ಲೆಕ್ಕ ಬೇಕು ಅನ್ನೋದು ಅವರ ವಾದ.

ವರ್ಗ ಮಾಡೋಕೆ ಅವರು ಕೊಟ್ಟ ದಾರಿಗಳಲ್ಲಿ ಒಂದು ನೋಡಿ. ಸಂಖ್ಯೆಗೆ ಒಂದಿಷ್ಟು ಕೂಡಿಸಿ, ಅಷ್ಟೇ ಕಳೆದು, ಎರಡನ್ನೂ ಗುಣಿಸಿ, ಕೂಡಿಸಿದ್ದರ ವರ್ಗ ಸೇರಿಸು. 47ರ ವರ್ಗ ಬೇಕಾ? 3 ಕೂಡಿಸಿದರೆ 50, ಕಳೆದರೆ 44. ಗುಣಿಸಿದರೆ 2200, ಅದಕ್ಕೆ 9 ಸೇರಿಸಿದರೆ 2209. ಪೆನ್ನೇ ಬೇಡ! ಆ 9ನ್ನು ಈ ಕಡೆ ತಂದರೆ ನಮ್ಮ ಸೂತ್ರವೇ. ಉಲ್ಟಾ ಓಡಿಸಿದರೆ ಅಪವರ್ತನ: 2491 ಅಂದರೆ 2500ರಲ್ಲಿ 9 ಕಮ್ಮಿ, ಅಂದರೆ 53 ಗುಣಿಸು 47. ಇದನ್ನು ಕಂಡುಹಿಡಿದವರು ಇವರೇ ಅಂತ ಸ್ಟೇಟಸ್ ಹಾಕಬೇಡಿ ಮತ್ತೆ. ಬ್ರಹ್ಮಗುಪ್ತನಲ್ಲೂ ಇದೆ, ಯೂಕ್ಲಿಡ್‌ನಲ್ಲಿ ಚಿತ್ರವಾಗಿ ಇದೆ.

ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳೀತದೆ ಅಂತಲೂ ಹೇಳಿದರು. ಅದು ತಪ್ಪು. ಇಂಥ ದೊಡ್ಡವರೂ ಎಡವಿದ ಜಾಗದಲ್ಲಿ ನಮಗೆ ಒಂದು ಮಾರ್ಕ್ಸ್ ಹೋದರೆ ಏನಾಯ್ತು ಅನ್ನಿಸ್ತದೆ.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. ನಮ್ಮ ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಚಿನ್ನದ ಗಣಿ ಇಂಜಿನಿಯರ್ ಬೀಡನ್ ಕಣ್ಣಿಗೆ ಬೀಳೋ ತನಕ ಬಂಡೆ ಮೇಲೆ ಸುಮ್ಮನೆ ಕೂತಿತ್ತು. ಮಹಾವೀರಾಚಾರ್ಯರ ಪುಸ್ತಕದ ಕಥೆಯೂ ಹೆಚ್ಚುಕಮ್ಮಿ ಹಂಗೇ. 1912ರಲ್ಲಿ ಮದ್ರಾಸಿನಲ್ಲಿ ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂದದ್ದು 2000ದಲ್ಲಿ.