ಗೋವಿನಜೋಳದ ಕಾಳು ಓದಿದಾಕಿ

ಮಿನಿ ಪ್ರಾಜೆಕ್ಟಿಗೆ ಗೋವಿನಜೋಳದ ಜೀನೋಮ್ ಸಿಕ್ಕಾಗ ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ಬಾದಾಮಿಯವನ ಹೊಲದಲ್ಲಿ ಅದೇ ಬೆಳೆ. ಹುನಗುಂದದವನಿಗೆ ಎರಿ ಭೂಮಿಯ ಬಿಳಿಜೋಳ, ಕಡಲಿ ಬಿಟ್ಟು ಬೇರೆ ಗೊತ್ತಿಲ್ಲ. ಇಳಕಲ್ಲಿನವಳ ಮನೆಯಲ್ಲಿ ಮಗ್ಗ. ಬಾಗಲಕೋಟೆಯವನಿಗೆ ಸುಟ್ಟ ತೆನಿ ತಿನ್ನೋದಷ್ಟೇ ಗೊತ್ತು.

ಕೆಲಸ ಇಷ್ಟೇ: ಒಂದು ತಳಿಯ ಡಿಎನ್‌ಎ ಚೂರುಗಳನ್ನು ಮಾದರಿ ಜೀನೋಮಿಗೆ ಹೋಲಿಸಿ, ಎಲ್ಲಿ ತುಂಡು ಬಿದ್ದುಹೋಗಿದೆ, ಎಲ್ಲಿ ಎರಡೆರಡು ಸಲ ಬಂದಿದೆ, ಎಲ್ಲಿ ತಿರುವುಮುರುವಾಗಿ ಕೂತಿದೆ, ಎಲ್ಲಿ ಬೇರೆ ಕ್ರೋಮೋಸೋಮಿಗೆ ಹೋಗಿ ಅಂಟಿದೆ ಅಂತ ಸಾಫ್ಟ್‌ವೇರಿನಿಂದ ಹುಡುಕಿಸುವುದು. ಇಳಕಲ್ಲ ಸೀರಿಯಲ್ಲಿ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಆ ಜಾಗದ ಒಂದು ಚೂರು ಕತ್ತರಿಸಿದರೆ ಅರ್ಧ ಒಡಲಿನ ಬಣ್ಣ, ಅರ್ಧ ಸೆರಗಿನ ಕೆಂಪು. ಪ್ರೋಗ್ರಾಂ ಹುಡುಕೋದು ಅಂಥ ಚೂರುಗಳನ್ನೇ. ನಾವು ಬಳಸಿದ್ದು ಡೆಲ್ಲಿ. ಕ್ಲಸ್ಟರಿನಲ್ಲಿ ಧಾರಾಳವಾಗಿ 32 ಕೋರ್ ಕೇಳಿದೆವು. ಒಂದು ಕೋರ್ ದುಡಿಯಿತು, 31 ಕೂತು ನೋಡಿದವು. ಡೆಲ್ಲಿ ಕೆಲಸ ಹಂಚುವುದು ಸ್ಯಾಂಪಲ್ ಲೆಕ್ಕದಲ್ಲಿ. ನಮ್ಮ ಹತ್ತಿರ ಇದ್ದದ್ದು ಒಂದೇ ಸ್ಯಾಂಪಲ್. ಕೈಪಿಡಿಯಲ್ಲಿ ಅದು ಸ್ಪಷ್ಟವಾಗಿ ಬರೆದಿತ್ತು, ಓದಿದವರು ಯಾರು?

ಆ ಕಾಯುವ ಹೊತ್ತಿನಲ್ಲಿ ಓದಿದ್ದು ಬಾರ್ಬರಾ ಮೆಕ್‌ಕ್ಲಿಂಟಾಕ್ ಅವರ ಬದುಕು. ಮೇಲೆ ಹೇಳಿದ ಈ ಎಲ್ಲ ಏರುಪೇರುಗಳನ್ನೂ ಆಕೆ ಇದೇ ಬೆಳೆಯಲ್ಲಿ, ಬರೀ ಮೈಕ್ರೋಸ್ಕೋಪ್ ಇಟ್ಟುಕೊಂಡು ಕಣ್ಣಾರೆ ಕಂಡವರು.

ಹುಟ್ಟಿದ್ದು 1902ರ ಜೂನ್ 16, ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ. ಕಾಲೇಜಿಗೆ ಹೋದರೆ ಮಗಳಿಗೆ ಗಂಡು ಸಿಗೋದಿಲ್ಲ ಅಂತ ತಾಯಿಯ ಚಿಂತೆ (ಈ ಮಾತು ನಮ್ಮ ಕಡೆಯೂ ಹಳೇದಾಗಿಲ್ಲ). ಡಾಕ್ಟರಾಗಿದ್ದ ತಂದೆ ಯುದ್ಧದಿಂದ ಮರಳಿ ಬಂದು ಮಗಳ ಪರ ನಿಂತರು. 1919ರಲ್ಲಿ ಕಾರ್ನೆಲ್‌ನ ಕೃಷಿ ಕಾಲೇಜು ಸೇರಿದ ಹುಡುಗಿ 1927ಕ್ಕೆ ಪಿಎಚ್‌ಡಿ ಮುಗಿಸಿದಳು. ಭೂವಿಜ್ಞಾನದ ಪರೀಕ್ಷೆಯೊಂದರಲ್ಲಿ ಉತ್ತರ ಬರೆಯುವುದರಲ್ಲಿ ಮುಳುಗಿ ಕೊನೆಗೆ ತನ್ನ ಹೆಸರೇ ನೆನಪಾಗದೆ ಕೂತಿದ್ದನ್ನು ಆಕೆಯೇ ಮುಂದೆ ಹೇಳಿಕೊಂಡಿದ್ದಾರೆ. ನಮಗೆ ಹೆಸರಷ್ಟೇ ನೆನಪಿರುತ್ತದೆ.

ಗೋವಿನಜೋಳದ 10 ಕ್ರೋಮೋಸೋಮುಗಳನ್ನು ಒಂದೊಂದಾಗಿ ಗುರುತಿಸಿ ಬೇರ್ಪಡಿಸಿದ್ದು ಆಕೆ. 1931ರಲ್ಲಿ ಹ್ಯಾರಿಯೆಟ್ ಕ್ರೈಟನ್ ಜೊತೆ ಮಾಡಿದ ಪ್ರಯೋಗ ನಮಗೆ ಬಹಳ ಹಿಡಿಸಿತು. ಅವರು ಆರಿಸಿಕೊಂಡ 9ನೇ ಕ್ರೋಮೋಸೋಮಿಗೆ ಒಂದು ತುದಿಯಲ್ಲಿ ಗಂಟು, ಇನ್ನೊಂದು ತುದಿಯಲ್ಲಿ 8ನೇ ಕ್ರೋಮೋಸೋಮಿನಿಂದ ಬಂದು ಅಂಟಿದ ತುಂಡು. ಎರಡೂ ತುದಿಗೆ ಗುರುತು ಇದ್ದದ್ದರಿಂದ ಜೋಡಿ ಕ್ರೋಮೋಸೋಮುಗಳು ತುಂಡು ಅದಲುಬದಲು ಮಾಡಿಕೊಂಡಾಗ ಕಾಳಿನ ಗುಣವೂ ಬದಲಾಗುವುದು ಕಣ್ಣಿಗೆ ಬಿತ್ತು. ನಾವು ಫೈಲಿನಲ್ಲಿ ಒಂದು ಸಾಲಾಗಿ ನೋಡುವ ಟ್ರಾನ್ಸ್‌ಲೊಕೇಶನ್ ಅವರ ಕೈಯಲ್ಲಿ ಸಾಧನವಾಯಿತು.

ಆಮೇಲೆ ಮಿಸ್ಸೌರಿಯಲ್ಲಿ ಎಕ್ಸ್‌ರೇಗೆ ಸಿಕ್ಕ ಗಿಡಗಳಲ್ಲಿ ಕ್ರೋಮೋಸೋಮು ಮುರಿಯುವುದನ್ನು, ತುದಿಗಳು ಕೂಡಿ ಉಂಗುರವಾಗುವುದನ್ನು ಕಂಡರು. ಇಷ್ಟೆಲ್ಲ ಆದರೂ ನೌಕರಿ ಮಾತ್ರ ಕಷ್ಟ. ಕಾರ್ನೆಲ್‌ನ ಸಸ್ಯವಿಜ್ಞಾನದಲ್ಲಿ ಹೆಣ್ಣಿಗೆ ಕಾಯಂ ಪ್ರಾಧ್ಯಾಪಕ ಹುದ್ದೆ ಆಗ ದೂರದ ಮಾತು. ಮಿಸ್ಸೌರಿಯಲ್ಲಿ ಸಿಕ್ಕ ಹುದ್ದೆಯನ್ನು 1941ರಲ್ಲಿ ಬಿಟ್ಟು ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ಗೆ ಹೋದರು. ಸಾಯುವವರೆಗೆ ಅದೇ ಅವರ ಊರಾಯಿತು.

ಅಲ್ಲಿ ಅವರ ಕಣ್ಣು ಹಿಡಿದದ್ದು ಚುಕ್ಕಿ ಚುಕ್ಕಿ ಕಾಳು. ಬಣ್ಣ ಬರಬಾರದ ಕಾಳಿನ ಮೇಲೆ ಅಲ್ಲಲ್ಲಿ ನೇರಳೆ ಚುಕ್ಕಿ. ಬೇರೆಯವರಾಗಿದ್ದರೆ ಪಕ್ಕಕ್ಕೆ ಎಸೆಯುತ್ತಿದ್ದರೇನೋ. ಆಕೆ ಹೂಗಳಿಗೆ ಕಾಗದದ ಚೀಲ ಕಟ್ಟಿ, ಕೈಯಾರೆ ಪರಾಗ ಉದುರಿಸಿ, ವರ್ಷ ವರ್ಷ ಬೆಳೆ ತೆಗೆದು ಲೆಕ್ಕ ಇಟ್ಟರು. 1948ರ ಹೊತ್ತಿಗೆ ಗುಟ್ಟು ತಿಳಿಯಿತು: ಡಿಎಸ್ ಅನ್ನೋ ತುಂಡು ಬಣ್ಣದ ಜೀನಿನೊಳಗೆ ಹೋಗಿ ಕೂತರೆ ಬಣ್ಣ ಬಂದ್. ಕಾಳು ಬೆಳೆಯುವಾಗ ಯಾವುದೋ ಕೋಶದಲ್ಲಿ ಅದು ಎದ್ದು ಹೋದರೆ ಆ ಕೋಶದ ಸಂತಾನಕ್ಕೆಲ್ಲ ಬಣ್ಣ ವಾಪಸ್. ಬೇಗ ಎದ್ದರೆ ದೊಡ್ಡ ಚುಕ್ಕಿ, ತಡವಾದರೆ ಸಣ್ಣದು. ಅದನ್ನು ಎಬ್ಬಿಸೋದಕ್ಕೆ ಎಸಿ ಅನ್ನೋ ಇನ್ನೊಂದು ತುಂಡು ಇರಲೇಬೇಕು. ಅಂದರೆ ಜೀನೋಮಿನ ತುಂಡುಗಳು ತಾವಾಗಿ ಜಾಗ ಬದಲಿಸುತ್ತವೆ.

1951ರ ಸಮ್ಮೇಳನದಲ್ಲಿ ಇದನ್ನು ಹೇಳಿದಾಗ ಯಾರೂ ನಂಬಲಿಲ್ಲ ಅನ್ನೋ ಕಥೆ ಎಲ್ಲ ಕಡೆ ಓದಲು ಸಿಗುತ್ತದೆ. ಪೂರ್ತಿ ನಿಜವಲ್ಲ. ತುಂಡು ಹಾರುತ್ತದೆ ಅನ್ನೋದನ್ನು ಗೋವಿನಜೋಳದ ಇತರ ತಜ್ಞರು ಒಪ್ಪಿದ್ದರು. ಒಪ್ಪದಿದ್ದುದು, ಇಡೀ ಗಿಡದ ಬೆಳವಣಿಗೆಯಲ್ಲಿ ಜೀನುಗಳನ್ನು ನಡೆಸುವುದೇ ಈ ತುಂಡುಗಳು ಎಂಬ ಅವರ ವಾದವನ್ನು. ಆದರೆ ಪೆಟ್ಟು ಬಿದ್ದದ್ದು ಖರೆ. 1953ರ ಪ್ರಬಂಧದ ನಂತರ ಈ ವಿಷಯದಲ್ಲಿ ಹೆಚ್ಚಾಗಿ ಸಂಸ್ಥೆಯ ವಾರ್ಷಿಕ ವರದಿಗಳಲ್ಲೇ ಬರೆದರು. ಕೆಲಸ ಬಿಡಲಿಲ್ಲ. ಮುಂದೆ ಬ್ಯಾಕ್ಟೀರಿಯಾದಲ್ಲೂ ಹಾರುವ ತುಂಡುಗಳು ಸಿಕ್ಕಮೇಲೆ ಜನ ಹಿಂತಿರುಗಿ ನೋಡಿದರು. 1983ರಲ್ಲಿ, 81ನೇ ವಯಸ್ಸಿಗೆ, ಯಾರೊಂದಿಗೂ ಹಂಚಿಕೊಳ್ಳದ ನೊಬೆಲ್. ಮನೆಯಲ್ಲಿ ಫೋನ್ ಇರಲಿಲ್ಲ, ಸುದ್ದಿ ಕೇಳಿದ್ದು ರೇಡಿಯೋದಲ್ಲಿ. 1992ರ ಸೆಪ್ಟೆಂಬರ್ 2ರಂದು ತೀರಿಕೊಂಡರು.

2009ರಲ್ಲಿ ಗೋವಿನಜೋಳದ ಬಿ73 ತಳಿಯ ಜೀನೋಮ್ ಪ್ರಕಟವಾಯಿತು. ಸುಮಾರು 230 ಕೋಟಿ ಅಕ್ಷರ, ಅದರಲ್ಲಿ ಹೆಚ್ಚು ಕಡಿಮೆ 85% ಇಂಥ ಹಾರುವ ತುಂಡುಗಳ ಸಂತತಿಯೇ.

ಇದನ್ನು ಓದುವ ಹೊತ್ತಿಗೆ ನಮ್ಮ ಜಾಬ್ ಮುಗಿದಿತ್ತು. ಫಲಿತಾಂಶ ಚೊಕ್ಕಟವಾಗಿತ್ತು, ಅನುಮಾನ ಬರುವಷ್ಟು. ನೋಡಿದರೆ, ಜೀನೋಮಿನಲ್ಲಿ ಹತ್ತಾರು ಕಡೆ ಸಮನಾಗಿ ಹೊಂದುವ ಚೂರುಗಳಿಗೆ ಗುಣಮಟ್ಟದ ಅಂಕ ಸೊನ್ನೆ ಬೀಳುತ್ತದೆ, ನಮ್ಮ ಫಿಲ್ಟರು ಅವನ್ನು ಗದ್ದಲ ಅಂತ ಹೊರಗೆ ಹಾಕಿತ್ತು. ಒಂದೇ ತುಂಡಿನ ನಕಲುಗಳು ಎಲ್ಲೆಲ್ಲೂ ಇದ್ದಾಗ ಚೂರು ಹತ್ತಾರು ಕಡೆ ಹೊಂದದೆ ಏನು ಮಾಡೀತು? ಮೆಕ್‌ಕ್ಲಿಂಟಾಕ್ 40 ವರ್ಷ ಬೆನ್ನು ಹತ್ತಿದ್ದನ್ನು ನಾವು ಒಂದು ಸಾಲಿನ ಕಮಾಂಡಿನಲ್ಲಿ ಗುಡಿಸಿ ಹಾಕಿದ್ದೆವು.

150 ಅಕ್ಷರದ ಚೂರುಗಳಿಂದ ಇದು ಬಗೆಹರಿಯೋದಿಲ್ಲ, ಸಾವಿರಾರು ಅಕ್ಷರ ಒಟ್ಟಿಗೆ ಓದಿದ ಉದ್ದ ಚೂರು ಬೇಕು. ಅಂಥ ಡೇಟಾ ಇಳಿಸಿಕೊಂಡು, ಈ ಸಲ ಕೈಪಿಡಿ ಓದಿ, ಸ್ನಿಫಲ್ಸ್ ಹಚ್ಚಿದ್ದೇವೆ. ಬಾದಾಮಿಯವನು ಊರಿಂದ ಒಂದು ಚೀಲ ತೆನಿ ತಂದಿದ್ದಾನೆ, ಎಲ್ಲಾ ಹಳದಿ, ಚುಕ್ಕಿ ಒಂದೂ ಇಲ್ಲ. ಜಾಬ್ ಇನ್ನೂ ಕ್ಯೂದಾಗೇ ಐತಿ.