ಶ್ರೀನಿವಾಸ ನಾಯಕರ ನಿರ್ಧಾರ

ನವರಾತ್ರಿಯಲ್ಲಿ ಸಾಂತಾಕ್ರೂಜಿನ ಕನ್ನಡಿಗರ ಮನೆಗಳಲ್ಲಿ ಭಜನೆ ಆರಂಭವಾಯಿತೆಂದರೆ ಪುರಂದರ ವಿಠಲನ ಅಂಕಿತ ಕಿವಿಗೆ ಬೀಳದೆ ಮಂಗಳಾರತಿಯಾಗುವುದಿಲ್ಲ. ಆ ಅಂಕಿತ ಹುಟ್ಟುವ ಮೊದಲು ದಾಸರು ಶ್ರೀನಿವಾಸ ನಾಯಕರಾಗಿದ್ದರು. ವೃತ್ತಿ ಒಡವೆ ವ್ಯಾಪಾರ, ಲೇವಾದೇವಿ. ಜನನ 1484ರಲ್ಲೆಂಬುದು ರೂಢಿ. ಹುಟ್ಟೂರು ಪುಣೆಯ ಬಳಿಯ ಪುರಂದರಗಡವೆಂದು ಬಹುಕಾಲ ನಂಬಿದ್ದರು. ತೀರ್ಥಹಳ್ಳಿ ಸಮೀಪದ ಆರಗವೆಂಬ ಪಕ್ಷ ಈಚೆಗೆ ಬಲಗೊಂಡಿದೆ.

ಮೂಗುತಿಯ ಪ್ರಸಂಗವನ್ನು ನಾವು ಪವಾಡವೆಂದು ಕೇಳಿ ಕೈಮುಗಿಯುತ್ತೇವೆ. ಬ್ಯಾಂಕಿನಲ್ಲಿ ಒಡವೆ ಸಾಲದ ಕಾಗದಗಳ ನಡುವೆ ದಿನ ಕಳೆಯುವ ನನಗೆ ಅದರಲ್ಲಿ ಬೇರೊಂದು ಸಂಗತಿಯೂ ಕಾಣುತ್ತದೆ. ಮಗನ ಉಪನಯನಕ್ಕೆ ನೆರವು ಬೇಡಿ ಬಂದ ಬಡ ಬ್ರಾಹ್ಮಣನನ್ನು ನಾಯಕರು ತಿಂಗಳುಗಟ್ಟಲೆ ಅಲೆದಾಡಿಸಿದರು. ಕೊನೆಗೆ ಆತನು ಅವರ ಮನೆಗೇ ಹೋದಾಗ ಪತ್ನಿ ಸರಸ್ವತೀಬಾಯಿಯವರು ತವರಿನವರು ಕೊಟ್ಟಿದ್ದ ವಜ್ರದ ಮೂಗುತಿಯನ್ನು ಬಿಚ್ಚಿ ಕೊಟ್ಟರು. ಆ ಸಾಧ್ವಿಯು ಪತಿಯ ಸ್ವತ್ತನ್ನು ಮುಟ್ಟದೆ, ತನ್ನದೆನ್ನಬಹುದಾದುದನ್ನೇ ಆರಿಸಿದರು. ಕಥೆಯ ಮೊದಲ ನಿರ್ಧಾರ ಅವರದು.

ಬ್ರಾಹ್ಮಣನು ಅದನ್ನು ನಾಯಕರ ಅಂಗಡಿಗೇ ಒಯ್ದನು. ಕಂಡೊಡನೆ ಗುರುತು ಹಿಡಿದರೂ ಅವರು ಕೂಗಾಡಲಿಲ್ಲ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಆತನಿಗೆ ಮರುದಿನ ಬರಹೇಳಿ, ಮನೆಗೆ ಹೋಗಿ ಪತ್ನಿಯಲ್ಲಿ ಮೂಗುತಿಯನ್ನು ಕೇಳಿದರು. ದಿಕ್ಕು ತೋಚದ ಆಕೆ ವಿಷದ ಬಟ್ಟಲನ್ನು ತುಟಿಗಿಡುವಷ್ಟರಲ್ಲಿ ಮೂಗುತಿ ಅದರೊಳಗೆ ಬಿದ್ದಿತೆಂದು ಐತಿಹ್ಯ. ಆಗಲೂ ನಾಯಕರು ನಂಬಲಿಲ್ಲ. ಅಂಗಡಿಗೆ ಹಿಂದಿರುಗಿ ಬೀಗ ತೆಗೆದು ನೋಡಿದರು. ಪೆಟ್ಟಿಗೆ ಬರಿದಾಗಿತ್ತು.

ಪರರ ಒಡವೆಯನ್ನು ಒರೆಗೆ ಹಚ್ಚುವ ಜಾಗರೂಕತೆಯಿಂದಲೇ ಅವರು ಇದನ್ನೂ ಪರೀಕ್ಷಿಸಿದರು. ಫಲ ತಮಗೆ ವಿರುದ್ಧವಾಗಿ ಬಂದಾಗ ಅದನ್ನು ತಳ್ಳಿಹಾಕಲಿಲ್ಲ. ಇದು ಸುಲಭವಲ್ಲ. ಲೆಕ್ಕ ತಪ್ಪೆಂದು ತಿಳಿದಮೇಲೂ, ಸಹಿ ಹಾಕಿದ ಕೈ ಅದನ್ನು ಹೊಡೆದುಹಾಕಲು ಎಷ್ಟು ಹಿಂಜರಿಯುತ್ತದೆಂಬುದನ್ನು ನಾನು ಬಲ್ಲೆ.

ಸರ್ವಸ್ವವನ್ನೂ ದಾನಮಾಡಿ ಪತ್ನೀಪುತ್ರರೊಡನೆ ನಾಯಕರು ಹೊರಟರು. ಕಾಡುದಾರಿಯಲ್ಲಿ ಸರಸ್ವತೀಬಾಯಿಯವರಿಗೆ ಕಳ್ಳರ ಭಯವಾಯಿತಂತೆ. ವಿಚಾರಿಸಿದರೆ, ನೀರು ಕುಡಿಯಲೆಂದು ತಂದ ಹೊನ್ನಿನ ಬಟ್ಟಲೊಂದು ಗಂಟಿನಲ್ಲಿತ್ತು. ಅದನ್ನೂ ಎಸೆದು ಮುಂದೆ ನಡೆದರು.

ಹಂಪೆಯಲ್ಲಿ ಶ್ರೀ ವ್ಯಾಸರಾಯರಿಂದ ದಾಸದೀಕ್ಷೆಯಾಯಿತು. ಸಂಗೀತ ಕಲಿಯುವ ಮಕ್ಕಳಿಗೆ ಮಾಯಾಮಾಳವಗೌಳದ ಸರಳೆಯಿಂದ ಪಾಠ ಆರಂಭಿಸುವ ಕ್ರಮವನ್ನು ಹಾಕಿಕೊಟ್ಟವರೂ ಅವರೇ. 1564ರಲ್ಲಿ ಹಂಪೆಯಲ್ಲಿ ಹರಿಪಾದ ಸೇರಿದರು. 1565ರ ತಾಳಿಕೋಟೆಯ ಯುದ್ಧದ ಬಳಿಕ ಆ ರಾಜಧಾನಿಯ ಅಂಗಡಿಬೀದಿಗಳು ಹಾಳಾದವು. ತುಂಗಭದ್ರೆಯ ಪಾತ್ರದಲ್ಲಿ ಪುರಂದರ ಮಂಟಪ ಇಂದಿಗೂ ನಿಂತಿದೆ. ಹೊಳೆ ತುಂಬಿದಾಗ ಮುಳುಗುತ್ತದೆ, ನೀರಿಳಿದಾಗ ಮತ್ತೆ ಕಾಣುತ್ತದೆ.