ಸಂಧಿಸ್ಥಾನದ ಶೋಧಕ ಜಾನ್ ಬಾರ್ಡೀನ್

ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಎರಡು ಬಾರಿ ಪಡೆದ ಮಹನೀಯರು ಇದುವರೆಗೆ ಒಬ್ಬರೇ. ಅವರೇ ಅಮೆರಿಕದ ಜಾನ್ ಬಾರ್ಡೀನ್. 1908ನೆಯ ಇಸವಿ ಮೇ 23ರಂದು ವಿಸ್ಕಾನ್ಸಿನ್ ಪ್ರಾಂತದ ಮ್ಯಾಡಿಸನ್ ನಗರದಲ್ಲಿ ಅವರ ಜನನವಾಯಿತು. ಬಾಲ್ಯದಲ್ಲಿಯೇ ಮಾತೃವಿಯೋಗ. ವಿದ್ಯುತ್ ಎಂಜಿನಿಯರಿಂಗ್ ಓದಿ, ಪಿಟ್ಸ್‌ಬರ್ಗಿನ ತೈಲಸಂಸ್ಥೆಯೊಂದರಲ್ಲಿ ಕೆಲಕಾಲ ದುಡಿದು, ಆ ಉದ್ಯೋಗವನ್ನು ತಾವಾಗಿಯೇ ತೊರೆದು ಪ್ರಿನ್ಸ್‌ಟನ್ನಿನಲ್ಲಿ ಯೂಜೀನ್ ವಿಗ್ನರ್ ಅವರ ಶಿಷ್ಯರಾದರು. ಲೋಹದ ಮೇಲ್ಮೈಯನ್ನು ದಾಟಿ ಎಲೆಕ್ಟ್ರಾನು ಹೊರಬರಲು ಎಷ್ಟು ಶಕ್ತಿ ಬೇಕೆಂಬುದೇ ಅವರ ಸಂಶೋಧನೆಯ ವಿಷಯ. 1936ರಲ್ಲಿ ಡಾಕ್ಟರೇಟ್ ಪದವಿ ಲಭಿಸಿತು.

1945ರ ಅಕ್ಟೋಬರಿನಲ್ಲಿ ಅವರು ಬೆಲ್ ಪ್ರಯೋಗಾಲಯವನ್ನು ಸೇರಿದಾಗ ಅಲ್ಲಿ ಒಂದು ವೈಫಲ್ಯ ಅವರಿಗಾಗಿ ಕಾದಿತ್ತು. ಅರೆವಾಹಕದ ಬಳಿ ಲೋಹದ ತಗಡನ್ನಿರಿಸಿ ಅದಕ್ಕೆ ವಿದ್ಯುದಾವೇಶ ಕೊಟ್ಟರೆ, ಅರೆವಾಹಕದ ಎಲೆಕ್ಟ್ರಾನುಗಳು ಮೇಲ್ಮೈಗೆ ಸೆಳೆಯಲ್ಪಟ್ಟು ಪ್ರವಾಹ ಹೆಚ್ಚಬೇಕೆಂದು ವಿಲಿಯಂ ಶಾಕ್ಲಿಯವರು ಎಣಿಸಿದ್ದರು. ಪ್ರಯೋಗದಲ್ಲಿ ಅಂಥದೇನೂ ಕಾಣಲಿಲ್ಲ. ಬಾರ್ಡೀನರು ಲೆಕ್ಕವನ್ನು ಪರಿಶೀಲಿಸಿದರು, ತಪ್ಪಿರಲಿಲ್ಲ. ಹಾಗಾದರೆ ದೋಷವೆಲ್ಲಿ?

ಮೇಲ್ಮೈಯಲ್ಲಿ, ಎಂಬುದು 1946ರಲ್ಲಿ ಅವರು ಕಂಡುಕೊಂಡ ಉತ್ತರ. ಹರಳಿನ ಒಡಲಿನಲ್ಲಿ ಪ್ರತಿ ಪರಮಾಣುವಿಗೂ ಸುತ್ತ ನೆರೆಯವರುಂಟು. ಅಂಚಿನಲ್ಲಿ ನೆರೆ ತಪ್ಪಿ ಬಂಧಗಳು ಅರೆಯಾಗಿ ಉಳಿಯುತ್ತವೆ. ಅಲ್ಲಿ, ಒಳಗಿಲ್ಲದ ಹೊಸ ಶಕ್ತಿಸ್ಥಿತಿಗಳು ಹುಟ್ಟಿ ಎಲೆಕ್ಟ್ರಾನುಗಳನ್ನು ಸೆರೆಹಿಡಿಯುತ್ತವೆ. ಸೆರೆಯಾದವು ಚಲಿಸವು, ಮೇಲಾಗಿ ಹೊರಗಣ ಕ್ಷೇತ್ರ ಒಳಹೊಗದಂತೆ ಗುರಾಣಿಯಾಗಿ ನಿಲ್ಲುತ್ತವೆ. ಎರಡು ವರ್ಣಗಳು ಕೂಡುವೆಡೆಯಲ್ಲಿಯೇ ಲೋಪಾಗಮಾದೇಶಗಳು ಸಂಭವಿಸುವುದನ್ನು ಬಲ್ಲ ವೈಯಾಕರಣನಿಗೆ ಇದು ಅಚ್ಚರಿಯ ಮಾತಲ್ಲ.

ಕಾರಣ ತಿಳಿದ ಮೇಲೆ ದಾರಿ ತೆರೆಯಿತು. ವಾಲ್ಟರ್ ಬ್ರಾಟನ್ ಅವರ ಕೈಚಳಕವೂ ಬಾರ್ಡೀನರ ಚಿಂತನೆಯೂ ಒಂದಾಗಿ, 1947ರ ಡಿಸೆಂಬರ್ 16ರಂದು ಜರ್ಮೇನಿಯಂ ತುಂಡಿನ ಮೇಲೆ ಒತ್ತೊತ್ತಾಗಿ ಊರಿದ ಎರಡು ಚಿನ್ನದ ಮೊನೆಗಳ ಮೂಲಕ ವಿದ್ಯುತ್ಸಂಕೇತ ವರ್ಧಿಸಿತು. ಟ್ರಾನ್ಸಿಸ್ಟರ್ ಜನಿಸಿದ್ದು ಹೀಗೆ.

ಮುಂದೆ ಶಾಕ್ಲಿಯವರೊಡನೆ ಹೊಂದಾಣಿಕೆಯಾಗದೆ 1951ರಲ್ಲಿ ಅವರು ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. 1956ರಲ್ಲಿ ಆ ಇಬ್ಬರೊಡನೆ ನೊಬೆಲ್ ಪಾರಿತೋಷಕ ಬಂದಿತು. ಕೂಪರ್, ಶ್ರೀಫರ್ ಎಂಬ ಕಿರಿಯರೊಡನೆ 1957ರಲ್ಲಿ ರಚಿಸಿದ ಅತಿವಾಹಕತೆಯ ಸಿದ್ಧಾಂತಕ್ಕಾಗಿ 1972ರಲ್ಲಿ ಎರಡನೆಯದು. ಮೊದಲ ಸಲ ಮೂವರು ಮಕ್ಕಳಲ್ಲಿ ಒಬ್ಬರನ್ನೇ ಕರೆತಂದುದಕ್ಕೆ ಸ್ವೀಡನ್ನಿನ ದೊರೆ ಆಕ್ಷೇಪಿಸಲು, ಮುಂದಿನ ಸಲ ಎಲ್ಲರನ್ನೂ ತರುವೆನೆಂದು ವಿನೋದವಾಗಿ ಮಾತುಕೊಟ್ಟಿದ್ದರಂತೆ. ಹದಿನಾರು ವರ್ಷಗಳ ಬಳಿಕ ಅದನ್ನು ನಡೆಸಿಕೊಟ್ಟರು. ಮಿತಭಾಷಿಗಳಿಗೆ ಒಪ್ಪುವ ವಿನೋದವಿದು. 1991ರ ಜನವರಿ 30ರಂದು ಬಾಸ್ಟನ್ನಿನಲ್ಲಿ ನಿಧನರಾದರು.

ಶಾಕ್ಲಿಯವರ ಮೊದಲ ಎಣಿಕೆ ಫಲಿಸಿದ್ದು 1960ರ ಸುಮಾರಿಗೆ, ಅದೇ ಬೆಲ್ ಪ್ರಯೋಗಾಲಯದಲ್ಲಿ. ಸಿಲಿಕಾನಿನ ಮೇಲೆ ಅದರದೇ ಆಕ್ಸೈಡಿನ ತೆಳುಪದರವನ್ನು ಬೆಳೆಸಿ, ಅತಲ್ಲಾ ಮತ್ತು ಕಾಂಗ್ ಎಂಬವರು ಆ ಸೆರೆಯ ತಾಣಗಳನ್ನು ಬಹುಮಟ್ಟಿಗೆ ತಗ್ಗಿಸಿದರು. ಅಂದಿನಿಂದ ಟ್ರಾನ್ಸಿಸ್ಟರಿನ ಮರ್ಮಸ್ಥಾನ ಬಯಲಿನಲ್ಲಿಲ್ಲ. ಲೋಹ, ಆಕ್ಸೈಡುಗಳ ಪದರಗಳಡಿಯಲ್ಲಿ ಹೂತುಹೋಗಿದೆ. ಪದರಗಳನ್ನು ಕೆತ್ತಿ ತೆಗೆದರೆ ಸಂಧಿಯೇ ಕೆಡುವುದು. ಆದುದರಿಂದ ಇಂದಿನ ಶೋಧಕರು ಹೆಚ್ಚು ಶಕ್ತಿಯ ಎಕ್ಸ್ ಕಿರಣಗಳನ್ನು ಮೇಲಿನಿಂದ ಹಾಯಿಸುತ್ತಾರೆ. ಆಳದಿಂದ ಚಿಮ್ಮಿದ ಎಲೆಕ್ಟ್ರಾನುಗಳು ಪದರಗಳನ್ನು ತೂರಿ ಹೊರಬಂದಾಗ ಅವುಗಳ ವೇಗವನ್ನಳೆದು, ಒಳಗಣ ಶಕ್ತಿಸ್ಥಿತಿಗಳನ್ನು ಗುಣಿಸುತ್ತಾರೆ.